ಸತ್ಯಾಂಶ: ರೋಲರ್ ಕೋಸ್ಟರ್ ನೀರಿಗೆ ಧುಮುಕುತ್ತದೆಯೇ?

‘ಪೂರ್ಣ ವೇಗದಲ್ಲಿ ನೀರಿಗೆ ಧುಮುಕುವ ರೋಲರ್ ಕೋಸ್ಟರ್, ಒಳಗಿದ್ದವರೆಲ್ಲ ತೊಯ್ದು ತೊಪ್ಪೆ’ ಎಂಬ ಒಕ್ಕಣೆಯೊಂದಿಗೆ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ದೃಶ್ಯ ನಿಜವೇ ಇರಬಹುದು, ಒಕ್ಕಣೆ ಮಾತ್ರ ತಪ್ಪು.

ಅಮೆರಿಕದ ಫ್ಲಾರಿಡಾದ ಬುಶ್ ಗಾರ್ಡನ್ಸ್ ಎಂಬ ಮನರಂಜನಾ ಪಾರ್ಕಿನಲ್ಲಿ 2005ರಲ್ಲಿ ಆರಂಭವಾದ ‘ಶೀಕ್ರಾ’ ರೋಲರ್ ಕೋಸ್ಟರನ್ನೇ ನೋಡೋಣ. ಅದರ ಹಳಿ ನೀರಿನ ಮಟ್ಟಕ್ಕಿಂತ ಮೇಲೆಯೇ ಸಾಗುತ್ತದೆ. ಚಕ್ರಗಳೂ ಆಸನಗಳೂ ನೀರನ್ನು ಮುಟ್ಟುವುದಿಲ್ಲ. ಗಾಡಿಯ ಹಿಂತುದಿಯ ಎರಡು ಬದಿಗಳಲ್ಲಿ ಸೌಟಿನಂಥ ಭಾಗಗಳಿವೆ. ನೀರಿಗೆ ಇಳಿಯುವುದು ಅವು ಮಾತ್ರ. ಅವು ನೀರನ್ನು ಗೋರಿ ಮೇಲಕ್ಕೆ, ಹಿಂದಕ್ಕೆ ಎರಚುತ್ತವೆ. ಆ ನೀರು ಕೆಳಗೆ ಬೀಳುವಷ್ಟರಲ್ಲಿ ಗಾಡಿ ಮುಂದೆ ಸಾಗಿಯಾಗಿರುತ್ತದೆ. ನನಗೆ ತುಂಬ ಇಷ್ಟವಾಗುವ ಜಾಣ್ಮೆ ಇದು: ನೆನೆಯುವವರು ಸವಾರರಲ್ಲ, ಹತ್ತಿರ ನಿಂತು ನೋಡುವವರು! ನೀರನ್ನು ತಳ್ಳುವಾಗ ಗಾಡಿಯ ವೇಗವೂ ತುಸು ತಗ್ಗುತ್ತದೆ.

ಪಾರ್ಕುಗಳಲ್ಲಿ ಎತ್ತರದ ಇಳಿಜಾರಿನಿಂದ ಜಾರಿ ಬರುವ ದೋಣಿಗಳ ಲೆಕ್ಕ ಬೇರೆ. ಅಲ್ಲಿ ದೋಣಿ ನಿಜವಾಗಿಯೂ ನೀರಿಗಿಳಿಯುತ್ತದೆ, ನೀರೇ ಅದರ ಬ್ರೇಕು. ಮೂತಿಯ ಆಕಾರ, ನೀರಿನ ಆಳ, ಇಳಿಯುವ ವೇಗ, ಕುಳಿತವರ ಭಾರ ಇವೆಲ್ಲ ಸೇರಿ ನೀರು ಎಷ್ಟು ಚಿಮ್ಮಬೇಕೆಂದು ತೀರ್ಮಾನಿಸುತ್ತವೆ. ಹೊರಬಾಗಿದ ಮೂತಿ ನೀರನ್ನು ಪಕ್ಕಕ್ಕೆ ಸೀಳುತ್ತದೆ.

ಹಾಗೆಂದು ‘ಹಿಂದಿನ ಸೀಟಿನಲ್ಲಿ ಹನಿಯೂ ತಾಗದು’ ಎಂಬ ಸಲಹೆಯನ್ನೂ ನಂಬಬೇಡಿ. ರಭಸದ ಹರಿವಿನಲ್ಲಿ ತಿರುಗುತ್ತ ಸಾಗುವ ದುಂಡು ದೋಣಿಗಳಲ್ಲಂತೂ ಹಿಂದು ಮುಂದು ಎಂಬುದೇ ಇಲ್ಲ. ಅಲೆಗೆ ಎದುರಾದವರು ನೆನೆಯುತ್ತಾರೆ.