ಎತ್ತಿನಹೊಳೆ: ಕುಡಿಯುವ ನೀರು ಎಂದರೆ ಪರಿಸರ ಪರಿಶೀಲನೆ ಬೇಡವೇ?

ಯಾವ ಯೋಜನೆಗಳು ಮೊದಲೇ ಪರಿಸರ ಅನುಮತಿ ಪಡೆಯಬೇಕು ಎಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಕುಡಿಯುವ ನೀರಿನ ಯೋಜನೆಗಳಿಲ್ಲ. ಅದೇ ಕಾರಣಕ್ಕೆ, ಪಶ್ಚಿಮ ಘಟ್ಟದ ತೊರೆಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದಂಥ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆ ಪರಿಸರ ಅನುಮತಿಯ ಬಾಗಿಲು ತಟ್ಟದೆ ಗುತ್ತಿಗೆಗೆ ಹೋಯಿತು. 2014ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯೂ ಆಯಿತು. ಹಾಗೆ ಮಾಡಿದ್ದು ಸರಿಯೇ?

ಪರ: ಬಾಯಾರಿದವರನ್ನು ಇನ್ನೆಷ್ಟು ಕಾಯಿಸುತ್ತೀರಿ

ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟುವ ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ನಕ್ಷೆಯಲ್ಲಿ ನೀಲಿ ಗೆರೆಗಳು. ನೆಲದ ಮೇಲೆ ನೋಡಿದರೆ ಜಾಲಿ ಬೆಳೆದ ಹಳ್ಳಗಳು. ಕೋಲಾರ, ಚಿಕ್ಕಬಳ್ಳಾಪುರದವರು ನೀರಿಗಾಗಿ ನೆಲವನ್ನು ಕೊರೆಯುತ್ತಾ ಸಾವಿರ ಅಡಿ ದಾಟಿ ಹೋಗಿದ್ದಾರೆ. ಅಷ್ಟು ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಅದು ಕುಡಿಯುವ ನೀರಲ್ಲ. ಆದರೆ ಕುಡಿಯಲು ಬೇರೆ ಇಲ್ಲದವರು ಅದನ್ನೇ ಕುಡಿದರು. ಮಕ್ಕಳ ಹಲ್ಲು ಕಂದುಗಟ್ಟಿತು, ದೊಡ್ಡವರ ಮೂಳೆ ಸೆಟೆಯಿತು. ಈ ದೇಹಗಳ ಮೇಲೆ ದಿನವೂ ಆಗುತ್ತಿದ್ದ ಪರಿಣಾಮವನ್ನು ಯಾವ ವರದಿಯಲ್ಲಿ ಬರೆದಿದ್ದರು?

2016ರ ಮಾರ್ಚ್‌ನಲ್ಲಿ ನಮ್ಮ ರೈತರು ಟ್ರ್ಯಾಕ್ಟರ್ ಹೂಡಿಕೊಂಡು ಬೆಂಗಳೂರಿಗೆ ಹೋದದ್ದು ಶಾಶ್ವತ ನೀರಿಗಾಗಿ. ನಮ್ಮ ಕೆರೆಗಳಿಗೆ ಮೊದಲು ತಲುಪಿದ್ದು ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳುಹಿಸಿದ ನೀರು. ಅಂತರ್ಜಲ ಏರಿತು, ನಿಜ. ಹಾಗೆಂದು ಅದನ್ನು ಕೊಡದಲ್ಲಿ ತುಂಬಿ ಕುಡಿಯಲಾದೀತೇ?

ಎತ್ತಿನಹೊಳೆಯದು ಕಣಿವೆ ಮುಳುಗಿಸುವ ಅಣೆಕಟ್ಟಲ್ಲ. ಸಕಲೇಶಪುರದ ತೊರೆಗಳಿಗೆ ಎಂಟು ಒಡ್ಡು ಕಟ್ಟಿ, ಮಳೆಗಾಲದಲ್ಲಿ ಮಾತ್ರ 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಎತ್ತುವ ಯೋಜನೆ. ಮುಳುಗಡೆಯಾಗುವುದು ಕೊರಟಗೆರೆ ಕಡೆ ಭೈರಗೊಂಡ್ಲುವಿನ ಜಲಾಶಯದಲ್ಲಿ. ಆ ನೋವು ಬಯಲುಸೀಮೆಯ ಪಾಲಿನದು. ಹಸಿರು ನ್ಯಾಯಮಂಡಳಿ 2019ರಲ್ಲಿ ಯೋಜನೆಯ ವಿರುದ್ಧದ ಅರ್ಜಿಗಳನ್ನು ವಜಾ ಮಾಡಿತು. ಇತ್ತ 8,323 ಕೋಟಿ ರೂಪಾಯಿಯ ಯೋಜನೆ 12,912 ಕೋಟಿಯಾಗಿ, ಕೊನೆಗೆ 23,251 ಕೋಟಿಗೆ ಬಂದು ನಿಂತಿತು. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಗೌರಿ ಹಬ್ಬಕ್ಕೆ. ಶಂಕುಸ್ಥಾಪನೆಯ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಹತ್ತು ವರ್ಷ ಬೋರ್‌ವೆಲ್ ನೀರು ಕುಡಿದಾಗಿತ್ತು. ಇದರ ಮೇಲೆ ಪರಿಸರ ಅನುಮತಿಯ ವರ್ಷಗಳನ್ನೂ ಸೇರಿಸಿದ್ದರೆ ಆ ಮಗುವಿನ ಪಾಡೇನು? ಕುಡಿಯುವ ನೀರಿಗೆ ಕಾನೂನು ದಾರಿ ಬಿಟ್ಟಿದ್ದು ಇಂಥವರಿಗಾಗಿಯೇ.

ವಿರೋಧ: ಅಳೆಯದೆ ಕೊಟ್ಟ ಮಾತು

ಕೋಲಾರದ ಬಾಯಾರಿಕೆಯನ್ನು ಅಲ್ಲಗಳೆಯುವ ಹಕ್ಕು ಕರಾವಳಿಯಲ್ಲಿ ಯಾರಿಗೂ ಇಲ್ಲ. ನನ್ನ ತಕರಾರು ಬೇರೆ: ಆ ಬಾಯಾರಿಕೆಯನ್ನು ಮುಂದಿಟ್ಟುಕೊಂಡು ಕೇಳಲೇಬೇಕಾಗಿದ್ದ ಪ್ರಶ್ನೆಗಳನ್ನು ದಾಟಿ ಹೋದರು.

ಮೊದಲ ಪ್ರಶ್ನೆ, ತೊರೆಗಳಲ್ಲಿ ನೀರೆಷ್ಟಿದೆ? ಸರ್ಕಾರ 24 ಟಿಎಂಸಿ ಎಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಅದೇ ಜಲಾನಯನವನ್ನು ಅಧ್ಯಯನ ಮಾಡಿ, ವರ್ಷಕ್ಕೆ ಸಿಗುವುದು 9.55 ಟಿಎಂಸಿ ಎಂದರು. ಇದು ನೂರಕ್ಕೆ ಐದೋ ಹತ್ತೋ ಹೆಚ್ಚುಕಡಿಮೆಯಾದ ಲೆಕ್ಕವಲ್ಲ. ಒಂದು ಇನ್ನೊಂದರ ಅರ್ಧವೂ ಇಲ್ಲ. ಪರಿಸರ ಪರಿಶೀಲನೆ ಎಂದರೆ ಹುಲಿ, ಆನೆ, ಕಪ್ಪೆಗಳ ಲೆಕ್ಕ ಎಂದೇ ಹಲವರು ತಿಳಿದಿದ್ದಾರೆ. ಈ ಎರಡು ಸಂಖ್ಯೆಗಳನ್ನು ಒಂದೇ ಮೇಜಿನ ಮೇಲಿಟ್ಟು, ಸರ್ಕಾರದ ಹೊರಗಿನವರೂ ಕೂತು ತಾಳೆ ನೋಡುವ ಜಾಗವೂ ಅದೇ ಆಗಿತ್ತು. ಆ ಜಾಗವೇ ಇಲ್ಲದಂತಾಯಿತು. ವಿಜ್ಞಾನ ಸಂಸ್ಥೆಯ ಲೆಕ್ಕ ನಿಜವಾದರೆ ಮೊದಲು ಮೋಸ ಹೋಗುವವರು ಕೋಲಾರದವರು. ಸುಮಾರು 250 ಕಿಲೋಮೀಟರ್ ಕಾಲುವೆಯ ಕೊನೆಯಲ್ಲಿ ನಿಂತಿರುವವರು ಅವರೇ.

ಎರಡನೆಯದು, ಇದು ಕುಡಿಯುವ ನೀರಿನ ಯೋಜನೆ ಎಂಬ ಹೆಸರು. ಯೋಜನೆಯ ಪ್ರಕಾರವೇ 24.01 ಟಿಎಂಸಿಯಲ್ಲಿ ಸುಮಾರು 10 ಟಿಎಂಸಿ 527 ಕೆರೆಗಳಿಗೆ ಹೋಗಬೇಕು. ಕೆರೆ ತುಂಬಿದರೆ ಒಳ್ಳೆಯದೇ. ಆದರೆ ಕೆರೆಯ ನೀರು ಅಂತರ್ಜಲವಾಗಿ, ಬೋರ್‌ವೆಲ್ ಏರಿ, ಟೊಮೆಟೊ ತೋಟಕ್ಕೂ ಹೋಗುತ್ತದೆ ಎಂಬುದು ಅಲ್ಲಿಯ ಪ್ರತಿ ರೈತನಿಗೂ ಗೊತ್ತು. ಒಂದು ವಿನಾಯಿತಿ ಪೂರ್ತಿ ನಿಂತಿರುವುದು ಒಂದು ಹೆಸರಿನ ಮೇಲೆ ಎಂದಾದರೆ, ಆ ಹೆಸರು ಎಷ್ಟು ನಿಜ ಎಂದು ಕೇಳುವುದು ತಪ್ಪೇ?

ಇನ್ನು ಹೊಳೆಯ ಮಾತು. ಎತ್ತಿನಹೊಳೆ ಗುಂಡ್ಯದ ಕಡೆ ಇಳಿದು ಕುಮಾರಧಾರೆ ಸೇರುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಅದರ ಕೆಳಗೆ ತುಂಬೆಯ ಕಿಂಡಿ ಅಣೆಕಟ್ಟು, ಮಂಗಳೂರಿನ ನಲ್ಲಿಗಳ ಮೂಲ. 2016ರ ಬೇಸಿಗೆಯಲ್ಲೂ 2019ರಲ್ಲೂ ತುಂಬೆ ಬತ್ತಿ ಮಂಗಳೂರಿಗೆ ಸರದಿಯಲ್ಲಿ ನೀರು ಬಿಟ್ಟರು. ಆಗ ಯೋಜನೆ ಒಂದು ತೊಟ್ಟು ನೀರನ್ನೂ ಎತ್ತಿರಲಿಲ್ಲ, ಆದ್ದರಿಂದ ಆ ಬರಕ್ಕೆ ಯೋಜನೆಯನ್ನು ದೂರಲಾರೆ. ಆದರೆ ಆಗಲೇ ಬೇಸಿಗೆಯಲ್ಲಿ ಸೊರಗುತ್ತಿದ್ದ ನದಿಯ ತಲೆಯಲ್ಲಿ ಮಳೆಗಾಲದ ನೀರು ತೆಗೆದರೆ ಏನಾಗುತ್ತದೆ? ಮಳೆಗಾಲದ ನೀರು ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತದೆ ಎನ್ನುತ್ತಾರೆ. ಆ ಕೆಂಪು ನೀರು ಹೊತ್ತು ತರುವ ಫಲವತ್ತಾದ ಮಣ್ಣನ್ನು ನಂಬಿ ಅಳಿವೆಯ ಮೀನು ಬದುಕುತ್ತದೆ, ಮೀನನ್ನು ನಂಬಿ ನಾಡದೋಣಿಯವರು ಬದುಕುತ್ತಾರೆ. ಅವರನ್ನು ಕರೆದು ಕೂರಿಸಿ ಮಾತು ಕೇಳಬೇಕಾಗಿದ್ದ ಅಹವಾಲು ಸಭೆ ನಡೆಯಲೇ ಇಲ್ಲ. ಕಾಡಾನೆಗಳೊಂದಿಗೆ ಹೆಣಗುತ್ತಿರುವ ಸಕಲೇಶಪುರದ ಬೆಳೆಗಾರರಿಗೂ ಅದೇ ಗತಿ.

ಟೆಂಡರ್ ಆದಮೇಲೆ ಯಾವ ಪ್ರಶ್ನೆಯೂ ಪ್ರಶ್ನೆಯಾಗಿ ಉಳಿಯುವುದಿಲ್ಲ. ಆಳೆತ್ತರದ ಪೈಪುಗಳು ಘಟ್ಟದಲ್ಲಿ ಬಂದು ಬಿದ್ದಮೇಲೆ, ಸಾವಿರಾರು ಕೋಟಿ ಖರ್ಚಾದಮೇಲೆ, ‘ಮಾಡಬೇಕೇ’ ಎಂದು ಕೇಳುವವರು ಅಭಿವೃದ್ಧಿಯ ವಿರೋಧಿಗಳಾಗುತ್ತಾರೆ. ವೆಚ್ಚ ಏರಿದ್ದನ್ನು ನಮ್ಮ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಪರಿಸರ ಅನುಮತಿಗಾಗಿ ಈ ಯೋಜನೆ ಒಂದು ದಿನವೂ ಕಾಯಲಿಲ್ಲ.

ಈಗ ಒಡ್ಡುಗಳು ಎದ್ದಾಗಿದೆ, ಪಂಪುಗಳೂ ಓಡಿವೆ. 2024ರಲ್ಲಿ ಎತ್ತಿದ ನೀರನ್ನು ಮುಂದಿನ ಕಾಲುವೆ ಸಿದ್ಧವಿಲ್ಲದ್ದರಿಂದ ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯದ ಕಡೆಗೆ ತಿರುಗಿಸಿದರು. ಹೋದದ್ದು ಹೋಯಿತು. ಇನ್ನಾದರೂ ಎಂಟೂ ಒಡ್ಡುಗಳಲ್ಲಿ ಮಾಪಕ ಇಟ್ಟು, ಪ್ರತಿದಿನ ಎಷ್ಟು ಎತ್ತಿದರು, ಹೊಳೆಗೆ ಎಷ್ಟು ಬಿಟ್ಟರು ಎಂಬುದನ್ನು ಗುಂಡ್ಯದವರಿಗೂ ಕೋಲಾರದವರಿಗೂ ಕಾಣುವಂತೆ ಪ್ರಕಟಿಸಲಿ. ಬರುವ ಮಳೆಗಾಲಕ್ಕೇ ಅದು ಶುರುವಾಗಬೇಕು.