ಮೊಡವೆ ಕಲೆಗೆ ನಿಂಬೆರಸ ಹಚ್ಚಬೇಡಿ

ಮುಟ್ಟಿಗೆ ಮುಂಚೆ ಏಳುವ ಮೊಡವೆಗೆ ನಿಂಬೆರಸ ಹಚ್ಚಿ ಎಂದು ಕೆಲವು ಲೇಖನಗಳು ಹೇಳುತ್ತವೆ. ನಮ್ಮಂಥ ಗೋಧಿ, ಕಪ್ಪು ಮೈಬಣ್ಣದವರಿಗೆ ಇದು ತೀರಾ ಕೆಟ್ಟ ಸಲಹೆ. ಈ ಚರ್ಮದಲ್ಲಿ ಉರಿಯೂತ ಆದ ಕಡೆ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡುವ ವಸ್ತು) ಹೆಚ್ಚುತ್ತದೆ. ಮೊಡವೆ ಹೋದರೂ ಕಲೆ ತಿಂಗಳುಗಟ್ಟಲೆ ಕೂರುತ್ತದೆ. ಹುಳಿ ತಾಗಿ ಸುಟ್ಟರೆ ಇನ್ನೊಂದು ಕಲೆ, ಅಷ್ಟೇ ಲಾಭ.

ದವಡೆ, ಗದ್ದದ ಮೇಲಿನ ಗಂಟುಮೊಡವೆಗೆ ರಾತ್ರಿ ಅಡಾಪಲೀನ್ ಎಂಬ ಮೊಡವೆ ಔಷಧಿಯ 0.1% ಜೆಲ್ ಹಚ್ಚಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಸಾಕು, ಮುಖ ಪೂರ್ತಿ ಒಣಗಿರಬೇಕು. ಮೊಡವೆ ಮೇಲಷ್ಟೇ ಚುಕ್ಕೆ ಇಡುವುದು ದಂಡ. ಮೊದಲ ಎರಡು ವಾರ ದಿನ ಬಿಟ್ಟು ದಿನ. ಸಿಪ್ಪೆ ಎದ್ದು ಉರಿದರೆ ಮೊದಲು ಮಾಯಿಶ್ಚರೈಸರ್, ಅದರ ಮೇಲೆ ಜೆಲ್. 12 ವಾರ ಆಗದೆ ತೀರ್ಮಾನಕ್ಕೆ ಬರಬೇಡಿ. ಗರ್ಭಿಣಿಯರಿಗೆ ಅಡಾಪಲೀನ್ ಬೇಡ, ವೈದ್ಯರನ್ನು ಕೇಳಿ ಅಜೆಲಾಯಿಕ್ ಆಮ್ಲದ ಕ್ರೀಮ್ ಬಳಸಬಹುದು. ಅದು ಕಲೆಯನ್ನೂ ತಿಳಿಮಾಡುತ್ತದೆ.

ಕಲೆಗೆಂದು ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬಿನ ಮೇಲೆ ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್ ಅಂತಿದ್ದರೆ ವಾಪಸ್ ಕೊಡಿ. ಅದು ಸ್ಟೀರಾಯ್ಡ್. ಮೊದಮೊದಲು ಮುಖ ಬೆಳ್ಳಗೆ ಕಾಣುತ್ತದೆ, ಬಿಟ್ಟ ಮೇಲೆ ಮೊಡವೆ ಮುತ್ತಿಕೊಳ್ಳುತ್ತದೆ.

ಸನ್‌ಸ್ಕ್ರೀನ್ ಬಣ್ಣ ಇರುವಂಥದ್ದೇ ಇರಲಿ; ಅದರಲ್ಲಿನ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಆ ಬೆಳಕೂ ಕಲೆ ಗಾಢವಾಗಿಸುವಂಥದ್ದೇ. ಮುಟ್ಟು ಏರುಪೇರಾಗಿ ಗದ್ದದಲ್ಲಿ ಗಟ್ಟಿ ಕೂದಲೂ ಬರುತ್ತಿದ್ದರೆ ಬರೀ ಕ್ರೀಮು ಸಾಲದು, ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯ ತೊಂದರೆ) ಪರೀಕ್ಷೆ ಮಾಡಿಸಿ.