ಮೇ ತಿಂಗಳ ಮಣ್ಣು

ಮೇಜಿನ ಮೇಲೆ ಪುಟ್ಟ ಮಾದರಿ ರೈಲು ಓಡಿಸುವ ಹವ್ಯಾಸದವರು ಅದರ ಸುತ್ತ ನಮ್ಮ ಕರಾವಳಿಯ ಊರು ಕಟ್ಟಹೊರಟರೆ ರಗಳೆ ಒಂದೆರಡಲ್ಲ. ‘ತೆಂಗಿನ ಮರ’ ಅಂತ ಕೊಂಡ ಪೊಟ್ಟಣ ಬಿಚ್ಚಿದರೆ ಒಳಗಿರುವುದು ಯಾವುದೋ ಮರುಭೂಮಿಯ ಖರ್ಜೂರ. ಎತ್ತರ ಎಂಟು ಸೆಂಟಿಮೀಟರ್. ಎಚ್‌ಒ ಅಳತೆಯಲ್ಲಿ, ಅಂದರೆ ಎಲ್ಲವೂ ನಿಜದ 87ನೇ ಒಂದು ಪಾಲಿರುವ ಮಾದರಿಯಲ್ಲಿ, ಅರವತ್ತು ಅಡಿಯ ತೆಂಗು 21 ಸೆಂಟಿಮೀಟರ್ ಇರಬೇಕು. ಇಂಥ ಕುಳ್ಳರನ್ನು ಹಳಿಯ ಪಕ್ಕ ಸಾಲಾಗಿ ನೆಟ್ಟು ‘ಇದು ಅಂಕೋಲೆ’ ಅಂದರೆ ಅಂಕೋಲೆಯವರು ಬಿಟ್ಟಾರೆಯೇ?

ಉದ್ದದ ವಿಷಯದಲ್ಲಂತೂ ಊರು ಮೇಜಿಗೆ ಬಗ್ಗುವುದೇ ಇಲ್ಲ. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ತುಸು ಹೆಚ್ಚು. 87ರಿಂದ ಭಾಗಿಸಿದರೂ 23 ಮೀಟರ್ ದಾಟುತ್ತದೆ. ಜಗಲಿಯಲ್ಲಿ ಹೊರಟ ಗಾಡಿ ಬಚ್ಚಲಿನಲ್ಲಿ ಇಳಿಯಬೇಕಾದೀತು. ಆರೇಳು ಅಂಕಣ ಕಟ್ಟಿ, ಎರಡೂ ತುದಿಯನ್ನು ತೋಟದ ಮರೆಗೆ ಸೇರಿಸುವುದೊಂದೇ ದಾರಿ. ಶಿರಸಿಯವರಿಗೆ ಈ ತಲೆನೋವಿಲ್ಲ, ಅಲ್ಲಿಗೆ ರೈಲೇ ಇಲ್ಲ. ಮೇಜಿನ ಮೇಲಾದರೂ ಬರಲಿ ಎಂದು ದೇವಿಮನೆ ಘಟ್ಟ ಹತ್ತಿಸಹೊರಟರೆ, 50ಕ್ಕೆ 1ರ ಏರಿನಲ್ಲಿ ಹತ್ತು ಸೆಂಟಿಮೀಟರ್ ಮೇಲೇರಲು ಐದು ಮೀಟರ್ ಹಳಿ ಬೇಕು.

ಇದೆಲ್ಲ ಹೋಗಲಿ. ನಿಜವಾದ ರಗಳೆ ಮಣ್ಣಿನದು.

ಡಬ್ಬಿಯಲ್ಲಿ ಸಿಗುವ ಕಂದು ಪುಡಿ ಯುರೋಪಿನ ಹೊಲದ್ದು. ನಮ್ಮ ಕರಾವಳಿಯ ಗುಡ್ಡ ಕಡಿದಲ್ಲಿ ಕಾಣುವ ಕೆಂಪು ಅದರಲ್ಲಿಲ್ಲ. ಆದ್ದರಿಂದ ಊರಿನ ಕೆಮ್ಮಣ್ಣನ್ನೇ ತರಬೇಕು. ತಂದದ್ದನ್ನು ಬಾಣಲೆಯಲ್ಲಿ ಅರ್ಧ ಗಂಟೆ ಹುರಿಯಬೇಕು, ಇಲ್ಲವಾದರೆ ಆಷಾಢಕ್ಕೆ ಸ್ಟೇಷನ್ನಿನ ಹಿಂದೆ ಬೂಷ್ಟು ಬರುತ್ತದೆ, ಕೆಲವೊಮ್ಮೆ ನಿಜವಾದ ಹುಲ್ಲೇ ಮೊಳೆಯುತ್ತದೆ. ಆ ಬಾಣಲೆ ಮತ್ತೆ ಒಗ್ಗರಣೆಗೆ ಬಾರದು; ಮನೆಯಲ್ಲಿ ಮೊದಲೇ ಹೇಳಿಬಿಡುವುದು ಕ್ಷೇಮ. ಆಮೇಲೆ ಚಾ ಸೋಸುವ ಜಾಲರಿಯಲ್ಲೊಮ್ಮೆ, ಹಳೆ ಸೀರೆಯ ತುಂಡಿನಲ್ಲೊಮ್ಮೆ ಜರಡಿ. ಅಷ್ಟಕ್ಕೆ ಮುಗಿಯಲಿಲ್ಲ. ಈ ಮಣ್ಣಿನ ಕೆಂಪೇ ಕಬ್ಬಿಣದ್ದು. ಅದರಲ್ಲಿ ಅಯಸ್ಕಾಂತಕ್ಕೆ ಅಂಟುವ ಕಣಗಳಿರುತ್ತವೆ, ಇಂಜಿನ್ನಿನ ಮೋಟರಿನೊಳಗೆ ಇರುವುದೂ ಅಯಸ್ಕಾಂತವೇ. ನಾಲ್ಕು ಸುತ್ತು ಓಡುವುದರೊಳಗೆ ಕಣ ಸೇರಿಕೊಂಡು ಇಂಜಿನ್ ಗೊರಗುಟ್ಟುತ್ತದೆ. ಅದಕ್ಕೇ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪುಡಿಯ ಮೇಲೆ ಆಡಿಸಬೇಕು, ಚೀಲ ತಿರುವಿ ಕೊಡವಬೇಕು, ಏನೂ ಅಂಟದವರೆಗೂ ಇದೇ ಕೆಲಸ.

ಹರಡಿದ ಮಣ್ಣಿಗೆ ಮೊದಲು ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ನೀರು ಸಿಂಪಡಿಸಿ, ಬಳಿಕ ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು ಸೇರಿಸಿ ಡ್ರಾಪರಿನಲ್ಲಿ ಬಿಡುವುದು. ಸೋಪು ಮರೆತರೆ ಅಂಟು ಮುತ್ತಿನಂತೆ ಮೇಲೇ ಉರುಳುತ್ತದೆ. ಮರೆಯದಿದ್ದವರಿಗೂ ಮರುದಿನ ಕಾದಿರುವುದು ನಿರಾಸೆಯೇ: ಒಣಗಿದರೂ ಬಣ್ಣ ಕಪ್ಪಿಟ್ಟಿರುತ್ತದೆ. ಹಾಕಿದ್ದು ಮೇ ತಿಂಗಳ ಮಣ್ಣು, ಎದ್ದದ್ದು ಜುಲೈ ತಿಂಗಳದ್ದು! ಸುಣ್ಣ ಬೆರೆಸಿ ತಿಳಿ ಮಾಡಹೋದವರ ಗುಡ್ಡ ಬೆಂಡುಬತ್ತಾಸಿನ ಗುಲಾಬಿಗೆ ತಿರುಗುತ್ತದೆ. ಅಂಟು ಇನ್ನೂ ಹಸಿಯಿರುವಾಗಲೇ ಒಣಪುಡಿ ತೆಳ್ಳಗೆ ಉದುರಿಸಿ, ಉಳಿದದ್ದನ್ನು ಮರುದಿನ ಕುಂಚದಲ್ಲಿ ಗುಡಿಸಿದರೆ ಸುಮಾರಾಗಿ ಮೇ ತಿಂಗಳು ಮರಳುತ್ತದೆ.

ಅಷ್ಟರಲ್ಲಿ ನಿಜವಾದ ಜೂನ್ ಬಂದು ಪ್ಲೈವುಡ್ ಉಬ್ಬುತ್ತದೆ. ಅಂಚಿಗೆ ವಾರ್ನಿಷ್ ಬಳಿಯದವರ ಗಾಡಿ ಸುರಂಗದ ಬಾಯಲ್ಲೇ ಹಳಿ ತಪ್ಪುತ್ತದೆ. ಕೊಂಕಣ ರೈಲ್ವೆಯೇ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ಇಟ್ಟುಕೊಂಡಿದೆ, ಮೇಜಿನದ್ದೇನು ಮಹಾ.

ಇಷ್ಟೆಲ್ಲ ಆದಮೇಲೆ ನೋಡಲು ಬಂದವರು ಬಗ್ಗಿ, ‘ಗೋವಾ ಅಲ್ದಾ ಇದು?’ ಅನ್ನುತ್ತಾರೆ. ಮಣ್ಣಿನ ಬಣ್ಣ ನೋಡಿ ಹೇಳಿದ್ದಂತೆ.